ಎರಡು ಔನ್ಸ್ ಮಣ್ಣಿನ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಗೊಬ್ಬರದ ವಿಷಯ ಹೇಳಹೊರಡುವುದು ಮೀನಿಗೆ ಈಜು ಕಲಿಸಿದ ಹಾಗೆ. ತೆಂಗಿನ ಬುಡಕ್ಕೆ ಎಷ್ಟು ಮಂಕರಿ ಕೊಟ್ಟಿಗೆ ಗೊಬ್ಬರ ಬೇಕು, ಕೆರೆಯ ಗೋಡು ಯಾವಾಗ ಹೊಡೆಸಬೇಕು, ಯಾವ ಮಳೆ ಕಳೆದ ಮೇಲೆ ಬುಡ ಬಿಡಿಸಬೇಕು ಎಂಬುದೆಲ್ಲ ಇಲ್ಲಿಯ ಶಾಲೆಯ ಹುಡುಗರಿಗೂ ಗೊತ್ತು. ಆದರೆ ಅದೇ ಮನೆಯ ಜಗುಲಿಯ ಅಂಚಿನಲ್ಲಿ, ಎಣ್ಣೆ ಡಬ್ಬಿಯಲ್ಲೋ ಬಾಯಿ ಒಡೆದ ಪ್ಲಾಸ್ಟಿಕ್ ಕೊಡದಲ್ಲೋ ನಿಂತಿರುವ ಗುಲಾಬಿಯನ್ನು ನೋಡಿ. ತೋಟಕ್ಕೆಂದು ತಂದ ಯೂರಿಯಾ ಚೀಲದಿಂದ ಅದಕ್ಕೂ ಒಂದು ಹಿಡಿ ಬಿದ್ದಿರುತ್ತದೆ. ಎಂಟು ದಿನದಲ್ಲಿ ಎಲೆಯ ಅಂಚು ಸುಟ್ಟು ಕಂದಾಗುತ್ತದೆ, ಹದಿನೈದು ದಿನದಲ್ಲಿ ಗಿಡ ಒಣಗುತ್ತದೆ. ಆಮೇಲೆ ಮನೆಯವರು ‘ನಮ್ಮ ಕೈಗೆ ಗುಲಾಬಿ ಆಗಿಬರೋದಿಲ್ಲ’ ಎಂದು ಸುಮ್ಮನಾಗುತ್ತಾರೆ. ಕೈಗುಣದ ಮೇಲೆ ಹೊರಿಸಿದ ಈ ಅಪವಾದ ಅನ್ಯಾಯದ್ದು. ತೋಟದ ಲೆಕ್ಕವೇ ಬೇರೆ, ಕುಂಡದ ಲೆಕ್ಕವೇ ಬೇರೆ. ಆ ಎರಡನೆಯ ಲೆಕ್ಕ ಮನುಷ್ಯನಿಗೆ ಹೊಳೆದ ಬಗೆ ಒಂದು ಒಳ್ಳೆಯ ಕಥೆ. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಕ್ಯಾಮೆರಾಕ್ಕೆ ಅರಳಿದ ಹೂವಿನ ಮೇಲೆಯೇ ಪ್ರೀತಿ, ಬೇರಿನ ಕಡೆಗೆ ಅದು ತಿರುಗುವುದು ಕಡಿಮೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗೊಬ್ಬರದ ಶಾಸ್ತ್ರ ಹೊಲದಲ್ಲಿ ಹುಟ್ಟಿತು ಎಂದು ನಾವೆಲ್ಲ ತಿಳಿದಿರುತ್ತೇವೆ. ನಿಜಕ್ಕೂ ಅದು ಹುಟ್ಟಿದ್ದು ಕುಂಡದಲ್ಲಿ. ಈಗಿನ ಬೆಲ್ಜಿಯಂ ದೇಶದಲ್ಲಿ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವೈದ್ಯನಿದ್ದ. ಅವನು ಒಂದು ದೊಡ್ಡ ಕುಂಡಕ್ಕೆ ಒಲೆಯಲ್ಲಿ ಒಣಗಿಸಿದ 200 ಪೌಂಡ್ ಮಣ್ಣು ತುಂಬಿ, 5 ಪೌಂಡ್ ತೂಕದ ವಿಲ್ಲೋ ಸಸಿಯೊಂದನ್ನು ನೆಟ್ಟ. ಐದು ವರ್ಷ ಮಳೆನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಕೊನೆಗೆ ಗಿಡ ಕಿತ್ತು ತೂಗಿದರೆ 169 ಪೌಂಡ್ ಮತ್ತು ಸುಮಾರು ಮೂರು ಔನ್ಸ್. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ 200 ಪೌಂಡಿಗೆ ಎರಡು ಔನ್ಸ್ ಮಾತ್ರ ಕಡಿಮೆ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಈ ಪ್ರಯೋಗದ ವಿವರ ಅಚ್ಚಾಯಿತು.

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸಸ್ಯದ ಮೈ ಕಟ್ಟುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆ ಎರಡು ಔನ್ಸನ್ನು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 57 ಗ್ರಾಂ ಮಣ್ಣನ್ನು, ತೂಗುವಾಗಿನ ವ್ಯತ್ಯಾಸವೆಂದು ಬಿಟ್ಟುಬಿಟ್ಟರು. ನಮ್ಮ ಇಡೀ ವಿಷಯ ಇರುವುದು ಆ 57 ಗ್ರಾಮಿನಲ್ಲೇ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣ, ಕಬ್ಬಿಣ, ಸತು ಎಲ್ಲವೂ ಅಷ್ಟರಲ್ಲೇ ಅಡಗಿದ್ದವು. ಗಿಡ ಮಣ್ಣಿನಿಂದ ಕೇಳುವುದು ಬಹಳ ಸ್ವಲ್ಪ. ಆದರೆ ಆ ಸ್ವಲ್ಪ ಇಲ್ಲದೆ ಅದು ಬದುಕುವುದಿಲ್ಲ. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನ ಜಾತಿಯ ಗಿಡವನ್ನು ಮಳೆನೀರಿನಲ್ಲಿ, ಥೇಮ್ಸ್ ಹೊಳೆಯ ನೀರಿನಲ್ಲಿ, ತೋಟದ ಮಣ್ಣು ಕದಡಿದ ನೀರಿನಲ್ಲಿ ಬೇರೆಬೇರೆಯಾಗಿ ಬೆಳೆಸಿದ. ಮಣ್ಣು ಕದಡಿದ ನೀರಿನದೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಎರಡು ಔನ್ಸಿನ ಗುಟ್ಟು ಅಲ್ಲಿ ಅರ್ಧ ಬಯಲಾಯಿತು.

ಇದೆಲ್ಲ ಪಶ್ಚಿಮದವರ ವಿದ್ಯೆ, ನಮ್ಮಲ್ಲಿ ಏನೂ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ವೃಕ್ಷಾಯುರ್ವೇದದ ಅಧ್ಯಾಯವಿದೆ. ನಮ್ಮ ಕನ್ನಡದಲ್ಲೇ ಚಾಲುಕ್ಯ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ವಿದೆ. ಅಡುಗೆ, ಜ್ಯೋತಿಷ್ಯ, ವಾಸ್ತು, ನೀರಿನ ಸೆಲೆ ಹುಡುಕುವುದು ಇವುಗಳ ಜೊತೆಗೆ ಗಿಡಮರಗಳ ಆರೈಕೆಗೂ ಅದರಲ್ಲಿ ಸ್ಥಾನವಿದೆ. ಸಾವಿರ ವರ್ಷದ ಹಿಂದೆ ಕನ್ನಡ ಓದಬಲ್ಲ ಗೃಹಸ್ಥನಿಗೆ ಬೇಕಾದ ತಿಳಿವಳಿಕೆಯಲ್ಲಿ ಗಿಡದ ಆರೈಕೆಯೂ ಸೇರಿತ್ತು ಎನ್ನುವುದೇ ದೊಡ್ಡ ಮಾತು. ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ದಲ್ಲಿ ಕುಣಪಜಲ ಎಂಬ ದ್ರವ ಗೊಬ್ಬರದ ವಿಧಾನ ಬರುತ್ತದೆ. ಮಾಂಸ, ಕೊಬ್ಬು, ಮಜ್ಜೆಗಳನ್ನು ಬೇಯಿಸಿ, ಎಳ್ಳಿನ ಹಿಂಡಿ, ಉದ್ದು, ಹಾಲು, ಜೇನು ಮುಂತಾದವನ್ನು ಸೇರಿಸಿ, ಮಡಕೆಯಲ್ಲಿ ಕೊಳೆಯಿಸಿ, ಗಿಡಕ್ಕೆ ಹೊಯ್ಯುವುದು. ವಾಸನೆಯ ಮಾತು ಬಿಡಿ, ರಸಾಯನ ಚೆನ್ನಾಗಿಯೇ ಇದೆ. ಗಟ್ಟಿಯಾಗಿರುವ ಪ್ರೋಟೀನನ್ನು ಸೂಕ್ಷ್ಮಜೀವಿಗಳು ಮೊದಲೇ ಒಡೆದು, ಬೇರು ಹೀರಬಲ್ಲ ಸಾರಜನಕವನ್ನಾಗಿ ಮಾಡಿಕೊಡುತ್ತವೆ. ನಮ್ಮ ಹೆಂಗಸರು ಕಡಲೆಕಾಯಿ ಹಿಂಡಿಯನ್ನು ನಾಲ್ಕು ದಿನ ನೆನೆಹಾಕಿ, ನೊರೆ ಬಂದ ಮೇಲೆ ನೀರು ಬೆರೆಸಿ ದಾಸವಾಳಕ್ಕೆ ಹಾಕುವುದು ಇದೇ ತತ್ತ್ವದ ಮೇಲೆ. ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಮಾತ್ರ ರಸಾಯನಶಾಸ್ತ್ರ ಬರಬೇಕಾಯಿತು.

ಅದು ಬಂದದ್ದು 1840ರ ಸುಮಾರಿಗೆ. ಜರ್ಮನಿಯ ಲೀಬಿಗ್ ಕೃಷಿ ರಸಾಯನದ ಮೇಲೆ ಬರೆದ ಪುಸ್ತಕ ಆ ವರ್ಷ ಹೊರಬಂತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಾನ್ ಲಾಸ್ ಎಂಬ ಜಮೀನುದಾರ ಅದಕ್ಕೂ ಸ್ವಲ್ಪ ಮೊದಲೇ ಕುಂಡಗಳಲ್ಲಿ ಗಿಡ ಬೆಳೆಸಿ, ಎಲುಬಿನ ಪುಡಿಯ ಮೇಲೆ ಆಮ್ಲ ಹಾಕಿ, ಏನಾಗುತ್ತದೆಂದು ನೋಡುತ್ತಿದ್ದ. 1842ರಲ್ಲಿ ಅವನು ಸೂಪರ್ ಫಾಸ್ಫೇಟಿಗೆ ಪೇಟೆಂಟ್ ಪಡೆದ, ಮರುವರ್ಷ ಹೊಲದ ಪ್ರಯೋಗ ಶುರುಮಾಡಿದ. 1860ರ ಆಸುಪಾಸಿನಲ್ಲಿ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಮಣ್ಣನ್ನೇ ಬಿಟ್ಟು, ಲವಣ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದರು. ವಾನ್ ಹೆಲ್ಮಾಂಟನ ಎರಡು ಔನ್ಸಿನಲ್ಲಿ ಏನೇನಿತ್ತು ಎಂಬ ಪಟ್ಟಿ ಬಹುಮಟ್ಟಿಗೆ ಆಗ ಸಿದ್ಧವಾಯಿತು.

ನಮ್ಮ ಮೈಸೂರು ಸೀಮೆಗೆ ಈ ವಿದ್ಯೆ ಎರಡು ಬಾಗಿಲಿನಿಂದ ಬಂತು. ಒಂದು, ಹೊಲದ ಬಾಗಿಲು. ಸಂಸ್ಥಾನ 1899ರಲ್ಲಿ ಕೆನಡಾದಿಂದ ಅಡಾಲ್ಫ್ ಲೇಮನ್ ಎಂಬ ಕೃಷಿ ರಸಾಯನಜ್ಞರನ್ನು ಕರೆಸಿಕೊಂಡಿತು. ಅವರ ನಂತರ ಬಂದ ಲೆಸ್ಲಿ ಕೋಲ್‌ಮನ್ ಕೃಷಿ ಇಲಾಖೆಯನ್ನು ಕಟ್ಟಿ ನಿಲ್ಲಿಸಿದರು. ಇನ್ನೊಂದು, ಲಾಲ್‌ಬಾಗಿನ ಬಾಗಿಲು. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟಕ್ಕೆ ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿ ಗಾಜಿನ ಮನೆ ಬಂತು. 1908ರಲ್ಲಿ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬರೋಡದಿಂದ ಇಲ್ಲಿಗೆ ಬಂದರು. ಕುಂಡದಲ್ಲಿ ಹೂ ಬೆಳೆಸುವ ಹವ್ಯಾಸ ಬಂಗಲೆಗಳ ಕಾಂಪೌಂಡು ದಾಟಿ ಮಧ್ಯಮ ವರ್ಗದ ಮನೆಯ ಮೆಟ್ಟಿಲಿಗೆ ಬಂದದ್ದರಲ್ಲಿ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನದ ಪಾಲು ದೊಡ್ಡದು. ವರ್ಷಕ್ಕೆರಡು ಸಲ ಸಾಲಾಗಿ ಜೋಡಿಸಿದ ಕುಂಡಗಳನ್ನು ನೋಡಿಬಂದವರು ಊರಿಗೆ ಹೋಗುವಾಗ ಒಂದು ಕಡ್ಡಿಯನ್ನಾದರೂ ಒಯ್ಯದೆ ಇರುತ್ತಿರಲಿಲ್ಲ.

ಆಗಿನ ಮಾಲಿಗಳ ಮಿಶ್ರಣವನ್ನು ಹಳಬರು ಈಗಲೂ ಹೇಳುತ್ತಾರೆ: ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ, ಮರಳು, ಒಂದು ಹಿಡಿ ಎಲುಬಿನ ಪುಡಿ, ಹೊಂಗೆಯದೋ ಬೇವಿನದೋ ಹಿಂಡಿ. ಇದರಲ್ಲಿ ಹಿಂಡಿ ಸಾರಜನಕಕ್ಕೆ, ಎಲುಬು ರಂಜಕಕ್ಕೆ. ಎರಡೂ ನಿಧಾನವಾಗಿ ಬಿಡುವಂಥವು. ಆ ನಿಧಾನವೇ ಕುಂಡಕ್ಕೆ ಬೇಕಾದ ಗುಣ.

ವೇಗದ ಗೊಬ್ಬರ ಆಮೇಲೆ ಬಂತು. ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿಸುವ ವಿದ್ಯೆಯನ್ನು ಹಾಬರ್ 1909ರಲ್ಲಿ ತೋರಿಸಿದ. 1913ರಲ್ಲಿ ಜರ್ಮನಿಯಲ್ಲಿ ಅದರ ಕಾರ್ಖಾನೆ ನಡೆಯಿತು. ಭಾರತದಲ್ಲಿ ಆ ರೀತಿಯ ಅಮೋನಿಯದಿಂದ ಗೊಬ್ಬರ ತಯಾರಿಸಿದ ಮೊದಲಿಗರಲ್ಲಿ ಕನ್ನಂಬಾಡಿಯ ಹತ್ತಿರದ ಬೆಳಗೊಳದ ಕಾರ್ಖಾನೆ ಒಂದು ಎಂಬುದು ನಮ್ಮವರಿಗೇ ಮರೆತುಹೋಗಿದೆ. 1976ರಲ್ಲಿ ಮಂಗಳೂರಿನಲ್ಲಿ ಯೂರಿಯಾ ತಯಾರಿಕೆ ಆರಂಭವಾಯಿತು, ಬಿಳಿ ಹರಳಿನ ಚೀಲ ಹಳ್ಳಿಹಳ್ಳಿಯ ಸೊಸೈಟಿಗೂ ಬಂತು. 1992ರ ಆಗಸ್ಟಿನಲ್ಲಿ ಸರ್ಕಾರ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ನಿಯಂತ್ರಣ ತೆಗೆದುಹಾಕಿ, ಯೂರಿಯಾದ್ದನ್ನು ಮಾತ್ರ ಉಳಿಸಿಕೊಂಡಿತು. ಅಲ್ಲಿಂದಾಚೆ ರೈತನ ಮನೆಯಲ್ಲಿ ಯಾವಾಗಲೂ ಇರುವ ಚೀಲ ಯೂರಿಯಾದ್ದಾಯಿತು. ಜಗುಲಿಯ ಗುಲಾಬಿಗೆ ಬೀಳುವ ಹಿಡಿಯ ಹಿಂದೆ ಇಷ್ಟು ಇತಿಹಾಸವಿದೆ.

ಆ ಹಿಡಿಯನ್ನು ಒಮ್ಮೆ ಲೆಕ್ಕ ಹಾಕೋಣ. ಒಂದು ಹೆಕ್ಟೇರಿನಲ್ಲಿ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 22 ಲಕ್ಷ ಕಿಲೋ. ಒಳ್ಳೆಯ ಬೆಳೆಗೆ ಅದಕ್ಕೆ 100 ಕಿಲೋ ಸಾರಜನಕ ಕೊಟ್ಟರೆ ಒಂದು ಕಿಲೋ ಮಣ್ಣಿಗೆ ಬೀಳುವುದು 45 ಮಿಲಿಗ್ರಾಂ. ನಿಮ್ಮ ಹತ್ತಿಂಚಿನ ಕುಂಡದಲ್ಲಿ ಎಂಟು ಕಿಲೋ ಮಣ್ಣಿದೆ ಎಂದುಕೊಳ್ಳಿ. ಅದಕ್ಕೆ ಅದೇ ಅಳತೆಯಲ್ಲಿ 0.36 ಗ್ರಾಂ ಸಾರಜನಕ ಸಾಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ ಮುಕ್ಕಾಲು ಗ್ರಾಮಿಗಿಂತ ತುಸು ಹೆಚ್ಚು ಯೂರಿಯಾ, ಎರಡು ಬೆರಳ ಚಿಟಿಕೆ. ಒಂದು ಟೀ ಚಮಚ ಹಾಕಿದರೆ ಹೊಲದ ಆರು ಪಟ್ಟು. ಒಂದು ಹಿಡಿಯೆಂದರೆ ಕೇಳುವುದೇ ಬೇಡ. ಬೇರಿನ ಸುತ್ತ ಉಪ್ಪು ಹೆಚ್ಚಾಗಿ, ಬೇರು ಮಣ್ಣಿನಿಂದ ನೀರು ಹೀರಲಾರದೆ ಹೋಗುತ್ತದೆ. ಉಪ್ಪಿನಕಾಯಿ ಹಾಕಿದಾಗ ಮಾವಿನ ಹೋಳು ನೀರು ಬಿಡುವುದನ್ನು ನೋಡಿದ್ದೀರಲ್ಲ, ಅದೇ ಇಲ್ಲಿಯೂ ನಡೆಯುವುದು. ಹೊಲದಲ್ಲಾದರೆ ಬೇರು ಆಚೆ ಸರಿದು ತಪ್ಪಿಸಿಕೊಳ್ಳುತ್ತದೆ. ಡಬ್ಬಿಯಲ್ಲಿ ಅದು ಎಲ್ಲಿಗೆ ಹೋಗಬೇಕು?

ಇದರ ವಿರುದ್ಧದ ಕಷ್ಟವೂ ಕುಂಡಕ್ಕಿದೆ. ದಿನಾ ನೀರು ಹಾಕುತ್ತೀರಿ, ತಳದ ತೂತಿನಿಂದ ಅದು ಇಳಿದುಹೋಗುತ್ತದೆ, ಜೊತೆಗೆ ನೈಟ್ರೇಟನ್ನೂ ಕರೆದುಕೊಂಡು ಹೋಗುತ್ತದೆ. ಉದುರಿದ ಎಲೆಯನ್ನು ನೀವೇ ಗುಡಿಸಿ ಎಸೆಯುತ್ತೀರಿ. ತೋಟದಲ್ಲಿ ತಿರುಗಿ ಮಣ್ಣಿಗೆ ಸೇರುವ ಯಾವುದೂ ಇಲ್ಲಿ ಸೇರುವುದಿಲ್ಲ. ಒಟ್ಟಿಗೆ ಸುರಿದರೆ ಸುಡುತ್ತದೆ, ಸುಮ್ಮನೆ ಬಿಟ್ಟರೆ ಸೊರಗುತ್ತದೆ. ಈ ಇಕ್ಕಟ್ಟಿಗೆ ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ವಿಲಿಯಂ ಲಾರೆನ್ಸ್ ಮತ್ತು ಜಾನ್ ನ್ಯೂವೆಲ್ 1930ರ ದಶಕದಲ್ಲಿ ಒಂದು ಸೂತ್ರ ಕಂಡುಹಿಡಿದರು. ಏಳು ಪಾಲು ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ಮರಳು. ಅದಕ್ಕೆ ಗೊರಸು ಮತ್ತು ಕೊಂಬಿನ ಪುಡಿ, ಸೂಪರ್ ಫಾಸ್ಫೇಟ್, ಪೊಟ್ಯಾಷಿಯಂ ಸಲ್ಫೇಟ್ ಸೇರಿದ ಗೊಬ್ಬರ, ಸ್ವಲ್ಪ ಸುಣ್ಣ. ಗೊರಸು ಕೊಂಬುಗಳೂ ನಮ್ಮ ಹಿಂಡಿಯ ಹಾಗೆ ನಿಧಾನದವು.

ಪೀಟ್ ಎಂದರೆ ತಂಪು ದೇಶಗಳ ಜೌಗಿನಲ್ಲಿ ಸಾವಿರಾರು ವರ್ಷ ಅರೆಕೊಳೆತು ನಿಂತ ಪಾಚಿ. ಅದನ್ನು ಅಗೆಯುತ್ತ ಹೋದರೆ ಜೌಗುಗಳೇ ಮುಗಿಯುತ್ತವೆಂಬ ಕೂಗು 1980ರ ದಶಕದಲ್ಲಿ ಯೂರೋಪಿನಲ್ಲಿ ಎದ್ದಾಗ ಬದಲಿಗೆ ಕಂಡದ್ದು ತೆಂಗಿನ ನಾರಿನ ಪುಡಿ. ಕಂಡದ್ದು ಎರಡನೆಯ ಸಲ ಎನ್ನಬೇಕು. 1860ರ ದಶಕದಲ್ಲೇ ಇಂಗ್ಲೆಂಡಿನ ತೋಟಗಾರರು ನಾರಿನ ಕಾರ್ಖಾನೆಯ ಕಸವನ್ನು ಕೊಂಡು ಗಾಜಿನ ಮನೆಯ ಕುಂಡಗಳಿಗೆ ಬಳಸುತ್ತಿದ್ದರು, ಆಮೇಲೆ ಮರೆತಿದ್ದರು.

ಹೀಗೆ ಕಥೆ ಸುತ್ತಿ ಬಂದು ನಮ್ಮ ಹೊನ್ನವಳ್ಳಿಯ ಬಾಗಿಲಿಗೇ ನಿಲ್ಲುತ್ತದೆ. ಹೊನ್ನವಳ್ಳಿ ಈಗ ತಿಪಟೂರು ತಾಲ್ಲೂಕಿನ ಹೋಬಳಿ. ತಾಲ್ಲೂಕು ಕಚೇರಿ ತಿಪಟೂರಿಗೆ ಹೋಗುವ ಮುನ್ನ ಇದೇ ತಾಲ್ಲೂಕು ಕೇಂದ್ರ. ಈ ಊರಿನ ಗಂಗಾಪಾಣಿ ಎಂಬ ಎಳನೀರಿನ ರುಚಿ ರೈಸ್ ಅವರ ಮೈಸೂರು ಗೆಜೆಟಿಯರಿನವರೆಗೂ ಹೋಗಿತ್ತು. ಈ ಸೀಮೆಯಲ್ಲಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ, ಚಿಪ್ಪು ಇದ್ದಿಲಿಗೆ, ಮಟ್ಟೆ ನಾರಿನ ಕಾರ್ಖಾನೆಗೆ. ಒಂದು ಕಿಲೋ ನಾರು ತೆಗೆದರೆ ಅದಕ್ಕಿಂತ ಹೆಚ್ಚೇ ಪುಡಿ ಉಳಿಯುತ್ತದೆ. ಕಾರ್ಖಾನೆಗಳ ಹಿಂದೆ ಗುಡ್ಡದಂತೆ ಬೆಳೆದು, ಮಳೆಗಾಲದಲ್ಲಿ ಕಂದು ನೀರು ಸುರಿಸುತ್ತ, ಬೇಸಿಗೆಯಲ್ಲಿ ಹೊಗೆಯಾಡುತ್ತ ಬಿದ್ದಿರುತ್ತಿದ್ದ ಈ ಪುಡಿಯನ್ನು ಈಗ ಒತ್ತಿ ಇಟ್ಟಿಗೆ ಮಾಡಿ ಕೊಕೊಪೀಟ್ ಎಂಬ ಹೆಸರಿನಲ್ಲಿ ದೇಶದ ಆಚೆಗೂ ಕಳಿಸುತ್ತಾರೆ. ಬೆಂಗಳೂರಿನ ಬಾಲ್ಕನಿಗಳಲ್ಲಿ ಅದಕ್ಕೆ ‘ಗೊಬ್ಬರ’ ಎಂದೇ ಹೆಸರು.

ಅದು ಗೊಬ್ಬರವಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಈ ತಪ್ಪು ತಿಳಿವಳಿಕೆಯಿಂದ ಕುಂಡಗಳಲ್ಲಿ ಗಿಡಗಳು ಹಳದಿಯಾಗಿ ಸಾಯುತ್ತಿವೆ. ತನ್ನ ತೂಕದ ಐದಾರು ಪಟ್ಟು ನೀರು ಹಿಡಿದಿಡುವುದು, ಬೇರಿಗೆ ಗಾಳಿಯಾಡಲು ಬಿಡುವುದು, ಹಗುರವಾಗಿರುವುದು ಇವು ಅದರ ಗುಣ. ಆದರೆ ಹಸಿ ಪುಡಿಯಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ ಸುಮಾರು 112ಕ್ಕೆ 1. ಅದನ್ನು ಕೊಳೆಯಿಸಲು ಬರುವ ಸೂಕ್ಷ್ಮಜೀವಿಗಳಿಗೆ ತಮ್ಮ ಮೈ ಕಟ್ಟಲು ಸಾರಜನಕ ಬೇಕು. ಪುಡಿಯಲ್ಲಿ ಸಿಗದಿದ್ದರೆ ನೀವು ಗಿಡಕ್ಕೆಂದು ಹಾಕಿದ್ದನ್ನೇ ಕಸಿದುಕೊಳ್ಳುತ್ತವೆ. ಇದಕ್ಕೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ದಾರಿ ಕಂಡುಕೊಂಡರು. ಪ್ಲುರೋಟಸ್ ಎಂಬ ಅಣಬೆಯ ಬೀಜವನ್ನು ಪದರ ಪದರವಾಗಿ ಪುಡಿಯ ಮೇಲೆ ಹರಡಿ, ಒಂದು ಟನ್ನಿಗೆ 5 ಕಿಲೋ ಯೂರಿಯಾ ಸೇರಿಸಿ, ತೇವ ಕಾಪಾಡಿ ಒಂದು ತಿಂಗಳು ಬಿಡುತ್ತಾರೆ. ಲಿಗ್ನಿನ್ ಒಡೆದು ಪ್ರಮಾಣ 24ಕ್ಕೆ 1ರ ಸುಮಾರಿಗೆ ಇಳಿಯುತ್ತದೆ, ಪುಡಿ ಕಪ್ಪಾಗುತ್ತದೆ. ತೆಂಗು ನಾರು ಮಂಡಳಿಯ ಕಡೆಯಿಂದಲೂ ಇದೇ ಅಣಬೆಯ ಬೀಜ ಸಿಗುತ್ತದೆ. ಕಳಿತ ಈ ಪುಡಿಯನ್ನಾದರೆ ಗೊಬ್ಬರ ಎನ್ನಲು ಅಡ್ಡಿಯಿಲ್ಲ.

ಪುಡಿಯಲ್ಲಿ ಇನ್ನೊಂದು ವಿಷಯವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ತೆಂಗಿಗೆ ವರ್ಷಕ್ಕೆ ಮರವೊಂದಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಕೊಡಿ ಎನ್ನುವುದು ಕೃಷಿ ವಿಜ್ಞಾನಿಗಳ ಶಿಫಾರಸು. ಪೊಟ್ಯಾಷ್ ಇಷ್ಟೇಕೆ? ಮರ ಅಷ್ಟನ್ನು ಎಳೆಯುತ್ತದೆ, ಎಳೆದದ್ದರಲ್ಲಿ ದೊಡ್ಡ ಪಾಲನ್ನು ಕಾಯಿಯ ಮಟ್ಟೆಯಲ್ಲಿ ತುಂಬಿಡುತ್ತದೆ. ಹಿಂದೆ ಮಟ್ಟೆಯನ್ನು ಮರದ ಸುತ್ತ ಗುಂಡಿ ತೋಡಿ ಹೂಳುತ್ತಿದ್ದರು, ಇಲ್ಲವೇ ಬಚ್ಚಲ ಹಂಡೆಯ ಒಲೆಗೆ ಹಾಕಿ ಬೂದಿಯನ್ನು ತಿಪ್ಪೆಗೆ ಚೆಲ್ಲುತ್ತಿದ್ದರು. ಹೇಗೇ ಆದರೂ ಪೊಟ್ಯಾಷ್ ಊರಿನಲ್ಲೇ ಸುತ್ತುತ್ತಿತ್ತು. ಮಟ್ಟೆ ಲಾರಿ ಹತ್ತಿದ ದಿನದಿಂದ ಅದು ಊರು ಬಿಟ್ಟಿದೆ. ನಮ್ಮ ದೇಶದಲ್ಲಿ ಬಳಸುವ ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಎಲ್ಲವೂ ಹೊರದೇಶದಿಂದ ಹಡಗಿನಲ್ಲಿ ಬರುವಂಥದು. ಬಂದರಿನಿಂದ ಚೀಲದಲ್ಲಿ ಬರುವುದನ್ನು ಕೊಂಡು, ನಮ್ಮಲ್ಲಿದ್ದುದನ್ನು ಪುಡಿ ಮಾಡಿ ಕಳಿಸುವ ವ್ಯಾಪಾರ ಇದು. ನಾರಿನ ಉದ್ಯಮ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಸಿದೆ, ಅದನ್ನು ದೂರುತ್ತಿಲ್ಲ. ಮಟ್ಟೆಗೆ ಬಂದ ಬೆಲೆಯಲ್ಲಿ ಮಣ್ಣಿನ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲವಲ್ಲ ಎಂಬುದಷ್ಟೇ ನನ್ನ ಮಾತು.

ಹೂವಿನ ಕುಂಡಕ್ಕೂ ಇದಕ್ಕೂ ಸಂಬಂಧವಿದೆ. ಎಲೆ ದಟ್ಟವಾಗಿ, ಕಡು ಹಸಿರಾಗಿ ಬೆಳೆದು ಮೊಗ್ಗೇ ಬಿಡದ ದಾಸವಾಳ ನಿಮ್ಮ ಮನೆಯಲ್ಲಿದ್ದರೆ ಅದು ಬಿಸಿಲಿಲ್ಲದೆ ನಿಂತಿದೆ, ಇಲ್ಲವೇ ಅದಕ್ಕೆ ಸಾರಜನಕ ಅತಿಯಾಗಿದೆ. ಮೊಗ್ಗು ಕಟ್ಟುವ ಹೊತ್ತಿಗೆ ಹಿಂಡಿ ನೀರನ್ನು ಕಡಿಮೆ ಮಾಡಿ ಪೊಟ್ಯಾಷ್ ಕೊಡಬೇಕು. ಹಂಡೆ ಒಲೆ ಇನ್ನೂ ಉರಿಯುವ ಮನೆಯಾದರೆ ಮಟ್ಟೆಯ ಬೂದಿ ಒಂದು ಚಮಚ, ತಿಂಗಳಿಗೊಮ್ಮೆ ಸಾಕು. ಬೂದಿ ಕ್ಷಾರ, ಹೆಚ್ಚಾದರೆ ಕಬ್ಬಿಣ ಸಿಗದೆ ಚಿಗುರು ಹಳದಿಯಾಗುತ್ತದೆ. ಹಿಂಡಿ ಹಾಕಿದ ದಿನವೇ ಬೂದಿ ಹಾಕಬೇಡಿ, ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ನಾರಿನ ಪುಡಿ ಬಳಸುವುದಾದರೆ ರಾತ್ರಿ ನೆನೆಹಾಕಿ ಬೆಳಗ್ಗೆ ಹಿಂಡಿ, ಹೀಗೆ ಎರಡು ಮೂರು ಸಲ ಮಾಡಿ. ಅದರಲ್ಲಿರುವ ಹೆಚ್ಚಿನ ಪೊಟ್ಯಾಷಿಯಂ, ಸೋಡಿಯಂ ಲವಣಗಳು ಎಳೆಯ ಬೇರಿಗೆ ಒಳ್ಳೆಯದಲ್ಲ, ಸುಣ್ಣ ಮತ್ತು ಮೆಗ್ನೀಷಿಯಂ ಸಿಗದಂತೆಯೂ ಮಾಡುತ್ತವೆ. ದೊಡ್ಡ ನರ್ಸರಿಯವರು ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನೆನೆಸುವುದು ಈ ಕಾರಣಕ್ಕೇ. ಹಿಂಡಿದ ಕಂದು ನೀರನ್ನು ಚರಂಡಿಗೆ ಬಿಡದೆ ತೆಂಗಿನ ಬುಡಕ್ಕೆ ಚೆಲ್ಲಿ. ಅದರಲ್ಲಿರುವ ಪೊಟ್ಯಾಷ್ ತೆಂಗಿನದೇ. ಕುಂಡದಲ್ಲಿ ಪುಡಿ ಮೂರನೇ ಒಂದು ಪಾಲು ಮೀರದಿರಲಿ, ಉಳಿದದ್ದು ಮಣ್ಣು ಮತ್ತು ಕಳಿತ ಗೊಬ್ಬರ. ಕೊಳವೆ ಬಾವಿಯ ನೀರು ಹಾಕುವವರ ಕುಂಡದ ಹೊರಮೈಯಲ್ಲಿ ಬಿಳಿ ಪೊರೆ ಕಟ್ಟಿದರೆ ಉಪ್ಪು ಕೂಡಿದೆ ಎಂದು ತಿಳಿಯಿರಿ. ಮಳೆ ಬಂದ ದಿನ ಕುಂಡವನ್ನು ಅಂಗಳಕ್ಕಿಟ್ಟು ಚೆನ್ನಾಗಿ ತೋಯಲು ಬಿಡಿ, ಗೊಬ್ಬರದ ಮಾತು ಹದಿನೈದು ದಿನ ಬಿಟ್ಟು ನೋಡೋಣ.

ಸೇವಂತಿಗೆಯವರಿಗೆ ಒಂದು ಮಾತು. ಅದು ಹಗಲು ಕಿರಿದಾಗುವುದನ್ನು ನೋಡಿ ಮೊಗ್ಗು ಕಟ್ಟುವ ಗಿಡ. ಜೂನ್, ಜುಲೈನಲ್ಲಿ ನೆಟ್ಟ ಕಡ್ಡಿಗೆ ತಿಂಗಳಾದ ಮೇಲೆ ಕುಡಿ ಚಿವುಟಿ. ಆಗಸ್ಟ್ ಮುಗಿಯುವವರೆಗೆ ಹತ್ತು ಪಾಲು ನೀರಿಗೆ ಒಂದು ಪಾಲು ಹಿಂಡಿ ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡಿ, ಯಾವಾಗಲೂ ಮಣ್ಣು ಒದ್ದೆಯಿದ್ದಾಗ. ಮೊಗ್ಗು ಸಾಸಿವೆ ಕಾಳಿನಷ್ಟು ಕಂಡ ದಿನ ಹಿಂಡಿಯ ಮಡಕೆ ತೊಳೆದಿಟ್ಟು ಬೂದಿಯ ಡಬ್ಬಿ ತೆಗೆಯಿರಿ.